ಪೇಪರ್‌ನಲ್ಲಿ ಯಾರ ಹೆಸರು, ಎಷ್ಟನೇ ಜಾಗದಲ್ಲಿ: ಪಿಜಿಗಳು ಸಿನಾಪ್ಸಿಸ್ ಹೊತ್ತಿಗೇ ಮುಗಿಸಿಕೊಳ್ಳಬೇಕಾದ ಮಾತು

"ಥೀಸಿಸ್ ಮುಗಿಯಲಿ, ಹೆಸರಿನ ವಿಷಯ ಆಮೇಲೆ ನೋಡೋಣ" ಅಂತ ಗೈಡ್ ಹೇಳಿದರೆ ತಲೆ ಆಡಿಸಿ ಸುಮ್ನೆ ಬರಬೇಡಿ. ಆಮೇಲೆ ಅನ್ನುವ ಹೊತ್ತಿಗೆ ನಿಮ್ಮ ಥೀಸಿಸ್‌ಗೆ ಅವರ ಸಹಿ ಬೇಕಿರುತ್ತದೆ, ಪರೀಕ್ಷೆ ಹತ್ತಿರ ಬಂದಿರುತ್ತದೆ, ಡ್ಯೂಟಿ ಪಟ್ಟಿ ಅವರ ಕೈಯಲ್ಲಿರುತ್ತದೆ. ಆಗ ನೀವು ಏನು ತಾನೇ ಕೇಳೋಕಾಗುತ್ತೆ? ಸಿನಾಪ್ಸಿಸ್, ಅಂದರೆ ಥೀಸಿಸ್‌ನ ಯೋಜನೆ, ಬರೆಯುವಾಗ ಯಾರೂ ಇನ್ನೂ ಕೆಲಸ ಶುರು ಮಾಡಿರುವುದಿಲ್ಲ, ಹಾಗಾಗಿ ಯಾರಿಗೂ ಬೇಜಾರಾಗುವ ಪ್ರಶ್ನೆಯೂ ಇಲ್ಲ. ಎಂಡಿ, ಎಂಎಸ್ ಓದುತ್ತಿರುವ ಪಿಜಿಗಳಿಗೆ (ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಗಳಿಗೆ) ನಾನು ಹೇಳುವುದು ಇದನ್ನೇ: ಥೀಸಿಸ್‌ನಿಂದ ಬರುವ ಪೇಪರ್‌ನಲ್ಲಿ ಹೆಸರಿನ ಮಾತು ಡೇಟಾಕ್ಕಿಂತ ಮೊದಲು ಆಗಬೇಕು, ಅದು ಬರಹದಲ್ಲಿರಬೇಕು.

ಮಾತಿಗೆ ಕೂರುವ ಮೊದಲು ಎದುರಿಗಿರುವವರ ಲೆಕ್ಕವೂ ಗೊತ್ತಿರಲಿ. 2015ರಲ್ಲಿ ಆಗಿನ ವೈದ್ಯ ಶಿಕ್ಷಣದ ನಿಯಂತ್ರಕ ಸಂಸ್ಥೆ ಎಂಸಿಐ, ಅಧ್ಯಾಪಕರ ಪ್ರಮೋಷನ್‌ಗೆ ಮೊದಲ ಎರಡು ಹೆಸರಿನವರಿಗೆ ಮಾತ್ರ ಪೇಪರ್ ಲೆಕ್ಕಕ್ಕೆ ಅಂದಿತ್ತು. ಆಮೇಲೆ ನಿಯಮ ಬದಲಾಯಿತು. ಎಂಸಿಐ ಜಾಗಕ್ಕೆ ಬಂದ ಎನ್‌ಎಂಸಿಯ 2022ರ ನಿಯಮ ಮೊದಲ ಮೂವರಲ್ಲಿ ಒಬ್ಬರಾಗಿರಬೇಕು ಇಲ್ಲವೇ ಕರೆಸ್ಪಾಂಡಿಂಗ್ ಆಥರ್ (ಜರ್ನಲ್ ಜೊತೆ ಪತ್ರವ್ಯವಹಾರ ನಡೆಸುವ ಲೇಖಕ) ಆಗಿರಬೇಕು ಎಂದಿತು. ಈಗೇನಿದೆ ಅಂತ ಎನ್‌ಎಂಸಿ ವೆಬ್‌ಸೈಟ್‌ನಲ್ಲೇ ನೋಡಿಕೊಳ್ಳಿ, ಇದು ಆಗಾಗ ಬದಲಾಗುತ್ತಿರುತ್ತದೆ. ಆದರೆ ಇಂಥ ನಿಯಮದಿಂದ ಏನಾಗುತ್ತದೆ ನೋಡಿ: ಕರೆಸ್ಪಾಂಡಿಂಗ್ ಅಲ್ಲದ ನಾಲ್ಕನೇ ಹೆಸರಿಗೆ ಪ್ರಮೋಷನ್‌ನಲ್ಲಿ ಬೆಲೆಯೇ ಇಲ್ಲ. ಕೆಲಸ ಮಾಡಿದ ಅಸಿಸ್ಟೆಂಟ್ ಪ್ರೊಫೆಸರ್ ನಾಲ್ಕನೆಯವರಾಗಿ, ಏನೂ ಮಾಡದವರು ಮೂರನೆಯವರಾಗುವುದು ಈ ಕಾರಣಕ್ಕೇ. ಎಲ್ಲವನ್ನೂ ದುರಾಸೆ ಅನ್ನಲಾಗದು, ಅವರ ಸಂಬಳ, ಹುದ್ದೆ ಇದಕ್ಕೆ ಅಂಟಿಕೊಂಡಿದೆ. ಹಾಗಂತ ಸರಿ ಅಂತಲೂ ಅಲ್ಲ.

ಹಾಗಾದರೆ ಹೆಸರು ಯಾರಿಗೆ ಸಲ್ಲಬೇಕು? ಹೆಚ್ಚಿನ ವೈದ್ಯಕೀಯ ಜರ್ನಲ್‌ಗಳು ನೋಡುವುದು ಐಸಿಎಂಜೆಇ ಅನ್ನುವ ಸಂಪಾದಕರ ಸಮಿತಿಯ ಅಳತೆಯನ್ನು. 1978ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಕೆಲವು ಸಂಪಾದಕರು ಸೇರಿ ಶುರು ಮಾಡಿದ್ದು ಅದು. ಅವರ ಪ್ರಕಾರ ನಾಲ್ಕು ಷರತ್ತು. ಯೋಜನೆ ರೂಪಿಸುವುದರಲ್ಲೋ ಡೇಟಾ ಸಂಗ್ರಹ, ವಿಶ್ಲೇಷಣೆ, ಅರ್ಥ ಹೇಳುವುದರಲ್ಲೋ ಗಟ್ಟಿಯಾದ ಪಾಲು ಇರಬೇಕು. ಪೇಪರ್ ಬರೆದಿರಬೇಕು ಅಥವಾ ವಿಷಯದ ಮಟ್ಟದಲ್ಲಿ ತಿದ್ದಿರಬೇಕು. ಕೊನೆಯ ಪ್ರತಿಗೆ ಒಪ್ಪಿಗೆ ಕೊಟ್ಟಿರಬೇಕು. ನಾಳೆ ಪೇಪರ್‌ನ ಯಾವ ಭಾಗದ ಮೇಲೆ ಪ್ರಶ್ನೆ ಬಂದರೂ ಅದು ಬಗೆಹರಿಯುವಂತೆ ನೋಡಿಕೊಳ್ಳುವ ಹೊಣೆ ಹೊತ್ತಿರಬೇಕು. ಈ ನಾಲ್ಕನೆಯದು 2013ರಲ್ಲಿ ಸೇರಿತು. ನಾಲ್ಕರಲ್ಲಿ ಒಂದಿದ್ದರೆ ಸಾಲದು, ನಾಲ್ಕೂ ಬೇಕು.

ಆದ್ದರಿಂದ ಬರೀ ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ಆಗಿರುವುದು, ದುಡ್ಡು ತಂದುಕೊಟ್ಟಿದ್ದು, ತನ್ನ ವಾರ್ಡಿನ ರೋಗಿಗಳನ್ನು ಕಳಿಸಿದ್ದು, ಇಂಗ್ಲಿಷ್ ತಿದ್ದಿದ್ದು, ಇವಿಷ್ಟಕ್ಕೇ ಆಥರ್‌ಶಿಪ್ ಸಿಗುವುದಿಲ್ಲ. ಕೃತಜ್ಞತೆಯ ಸಾಲಿನಲ್ಲಿ ಹೆಸರು ಹಾಕಿ, ಹಾಕುವ ಮುಂಚೆ ಅವರ ಒಪ್ಪಿಗೆ ಬರಹದಲ್ಲಿ ತೆಗೆದುಕೊಳ್ಳಿ. ಕಷ್ಟ ಬರುವುದು ನಡುವಿನವರ ವಿಷಯದಲ್ಲಿ. ದಿನನಿತ್ಯದ ಎಂಆರ್‌ಐ ರಿಪೋರ್ಟ್ ಬರೆದುಕೊಟ್ಟ ರೇಡಿಯಾಲಜಿಸ್ಟ್‌ಗೆ ಕೃತಜ್ಞತೆ ಸಾಕು. ಅದೇ ರೇಡಿಯಾಲಜಿಸ್ಟ್ ನಿಮ್ಮ ಅಧ್ಯಯನಕ್ಕಾಗಿಯೇ ಸ್ಕೋರಿಂಗ್ ಕ್ರಮ ರೂಪಿಸಿ, ಎಲ್ಲ ಫಿಲ್ಮ್‌ಗಳನ್ನೂ ಮತ್ತೆ ಓದಿದ್ದರೆ ಅವರು ಆಥರ್ ಆಗಬೇಕಾದವರು. ಅಂಕಿಅಂಶ ವಿಶ್ಲೇಷಿಸುವ ಸ್ಟ್ಯಾಟಿಸ್ಟಿಷಿಯನ್ ಕಥೆಯೂ ಇದೇ. ಡೇಟಾ ಶೀಟ್ ಕಳಿಸಿ 'ಒಂದು ಪಿ ವ್ಯಾಲ್ಯೂ ಹಾಕಿಕೊಡಿ ಸರ್' ಅಂದಿದ್ದರೆ ಬೇರೆ ಮಾತು. ಆದರೆ ಎಷ್ಟು ರೋಗಿಗಳು ಬೇಕು, ಯಾವ ಮಾಡೆಲ್ ಹಾಕಬೇಕು ಅಂತ ನಿರ್ಧರಿಸಿ ಮೆಥಡ್ಸ್ ಭಾಗವನ್ನೂ ಅವರೇ ಬರೆದಿದ್ದರೆ ಹೆಸರು ಬಿಡುವುದು ಅನ್ಯಾಯ. ನಮ್ಮಲ್ಲಿ ಸ್ಟ್ಯಾಟಿಸ್ಟಿಷಿಯನ್‌ಗಳಿಗೆ ಆಗುವಷ್ಟು ಮೋಸ ಇನ್ಯಾರಿಗೂ ಆಗುವುದಿಲ್ಲ ಅಂತ ನನ್ನ ಅನಿಸಿಕೆ.

ಇನ್ನೊಂದು ಆಟ ಇದೆ, ಅದನ್ನು ಗುರುತು ಹಿಡಿಯಿರಿ. ಡೇಟಾ ಸಂಗ್ರಹಿಸಿ, ಎಕ್ಸೆಲ್ ಶುದ್ಧ ಮಾಡಿ, ಫಾಲೋ ಅಪ್ ಫೋನ್ ಮಾಡಿದ್ದೆಲ್ಲ ಕಿರಿಯರು. ಡ್ರಾಫ್ಟ್ ಮಾತ್ರ ಅವರಿಗೆ ತೋರಿಸುವುದೇ ಇಲ್ಲ. ಕೊನೆಗೆ "ನೀನು ಬರೆಯೋದ್ರಲ್ಲಿ ಇರಲಿಲ್ಲವಲ್ಲ, ನಿಯಮದ ಪ್ರಕಾರ ಹೆಸರು ಬರೋದಿಲ್ಲ" ಅನ್ನುತ್ತಾರೆ. ಇದು ಸುಳ್ಳು ವಾದ. ಮೊದಲ ಷರತ್ತು ಪೂರೈಸಿದವರಿಗೆ ಬರೆಯಲು, ತಿದ್ದಲು, ಒಪ್ಪಿಗೆ ಕೊಡಲು ಅವಕಾಶ ಕೊಡಲೇಬೇಕು, ಈ ಷರತ್ತುಗಳನ್ನು ಜನರನ್ನು ಹೊರಗಿಡಲು ಬಳಸಬಾರದು ಅಂತ ಐಸಿಎಂಜೆಇಯೇ ಸ್ಪಷ್ಟವಾಗಿ ಹೇಳುತ್ತದೆ. ನೀವು ಮಾಡಬೇಕಾದ್ದು ಇಷ್ಟು: "ಡ್ರಾಫ್ಟ್ ನನಗೂ ಕಳಿಸಿ, ಓದಿ ತಿದ್ದಿ ಕೊಡ್ತೀನಿ" ಅಂತ ಇಮೇಲ್ ಹಾಕಿ. ಉತ್ತರ ಬರಲಿ ಬಿಡಲಿ, ನೀವು ಕೇಳಿದ್ದಕ್ಕೆ ದಾಖಲೆ ಉಳಿಯುತ್ತದೆ. ವಾಟ್ಸ್ಆಪ್ ನಂಬಬೇಡಿ, ಅಲ್ಲಿ ಡಿಲೀಟ್ ಮಾಡುವುದು ಎಷ್ಟು ಸುಲಭ ಅಂತ ಗೊತ್ತಲ್ವಾ.

ಬರಹದಲ್ಲಿರಬೇಕು ಅಂದೆನಲ್ಲ, ಆ ಒಪ್ಪಂದಕ್ಕೆ ಈಗ ಬರೋಣ, ಒಂದು ಪುಟ ಸಾಕು. ದೊಡ್ಡ ಕಾಗದಪತ್ರ ಏನೂ ಬೇಡ. ಯಾರು ಯಾವ ಕೆಲಸ ಮಾಡುತ್ತಾರೆ, ಹೆಸರಿನ ಕ್ರಮ ಏನು, ಕರೆಸ್ಪಾಂಡಿಂಗ್ ಯಾರು, ಕೆಲಸ ಬದಲಾದರೆ ಕ್ರಮವನ್ನು ಯಾವಾಗ ಮತ್ತೆ ನೋಡುವುದು. ಕೆಲಸಗಳನ್ನು ಹೆಸರಿಸಲು ಕಷ್ಟವಾದರೆ ಕ್ರೆಡಿಟ್ ಅನ್ನುವ 14 ಪಾತ್ರಗಳ ಪಟ್ಟಿ ಇದೆ, ಯೋಚನೆ ಹೊಳೆಸಿದವರಿಂದ ಮೊದಲ ಡ್ರಾಫ್ಟ್ ಬರೆದವರವರೆಗೆ ಎಲ್ಲಕ್ಕೂ ಅದರಲ್ಲಿ ಜಾಗ ಇದೆ. ಬಹಳ ಜರ್ನಲ್‌ಗಳು ಹೇಗೂ ಅದನ್ನು ಕೇಳುತ್ತವೆ, ಈಗಲೇ ತುಂಬಿಸಿ. ಬಾಯಿಬಿಟ್ಟು ಕೇಳಲು ಮುಜುಗರ ಆದರೆ ಹೀಗೆ ಬರೆಯಿರಿ:

"ಸರ್/ಮೇಡಂ, ಇವತ್ತಿನ ಚರ್ಚೆಯ ಪ್ರಕಾರ ಥೀಸಿಸ್‌ನಿಂದ ಬರುವ ಮುಖ್ಯ ಪೇಪರ್‌ಗೆ ನಾನು ಫಸ್ಟ್ ಆಥರ್, ತಾವು ಕರೆಸ್ಪಾಂಡಿಂಗ್, ವಿಶ್ಲೇಷಣೆ ಮಾಡುವವರು ಎರಡನೆಯವರು ಅಂತ ಅರ್ಥ ಮಾಡಿಕೊಂಡಿದ್ದೇನೆ. ಕೆಲಸ ಬದಲಾದರೆ ಡೇಟಾ ಮುಗಿದ ಮೇಲೆ ಮತ್ತೊಮ್ಮೆ ಮಾತಾಡೋಣ. ಏನಾದರೂ ತಪ್ಪಿದ್ದರೆ ತಿದ್ದಿ."

ಇದರಲ್ಲಿ ಜಗಳ ಇಲ್ಲ, ಬೇಡಿಕೆಯೂ ಇಲ್ಲ. ತಿದ್ದದಿದ್ದರೆ ನಿಮ್ಮ ಮಾತು ದಾಖಲೆಯಲ್ಲಿ ನಿಂತಿತು.

ಥೀಸಿಸ್ ಪೇಪರ್‌ಗೆ ಪಿಜಿ ಮೊದಲ ಹೆಸರು, ಗೈಡ್ ಕರೆಸ್ಪಾಂಡಿಂಗ್, ಇದು ಸಾಮಾನ್ಯವಾಗಿ ನ್ಯಾಯವಾದ ಹಂಚಿಕೆ. ಕೋರ್ಸ್ ಮುಗಿದ ಮೇಲೆ ನೀವು ಎಲ್ಲಿರುತ್ತೀರೋ, ಜರ್ನಲ್‌ನವರು ಮೂರು ವರ್ಷದ ನಂತರ ಡೇಟಾ ಕೇಳಿದರೆ ಉತ್ತರ ಕೊಡುವವರು ಅಲ್ಲೇ ಇರಬೇಕು. ಗೈಡ್‌ಗಳ ಪರವಾಗಿಯೂ ಒಂದು ಮಾತು ಹೇಳಬೇಕು. ಪರೀಕ್ಷೆ ಪಾಸಾದ ಕೂಡಲೇ ಫೋನ್ ಎತ್ತದ ಪಿಜಿಗಳು ಬಹಳ ಇದ್ದಾರೆ, ಒಳ್ಳೆ ಡೇಟಾ ಕಪಾಟಿನಲ್ಲಿ ಕೊಳೆಯುತ್ತದೆ. ಹಾಗಾಗಿ ಒಪ್ಪಂದದಲ್ಲೇ ಹಾಕಿ: ಪರೀಕ್ಷೆಯಾಗಿ ಆರು ತಿಂಗಳೊಳಗೆ ನಾನು ಡ್ರಾಫ್ಟ್ ಕೊಡದಿದ್ದರೆ ಗೈಡ್ ಬರೆಯಬಹುದು, ಕ್ರಮವೂ ಬದಲಾಗಬಹುದು, ಆದರೆ ನನ್ನ ಹೆಸರು ಇರುತ್ತದೆ, ಪ್ರತಿ ನನಗೆ ತೋರಿಸಲಾಗುತ್ತದೆ. ಇದನ್ನು ನೀವೇ ಮುಂದಿಟ್ಟರೆ ಉಳಿದ ಮಾತು ಸಲೀಸು.

ಇನ್ನು ಎಚ್‌ಒಡಿ. ಮದುವೆ ಕಾರ್ಡಿನಲ್ಲಿ ಮನೆ ಹಿರಿಯರ ಹೆಸರು ಹಾಕಿದ ಹಾಗೆ ಪ್ರತಿ ಪೇಪರ್‌ಗೂ ಅವರ ಹೆಸರು ಹಾಕುವ ಡಿಪಾರ್ಟ್‌ಮೆಂಟ್‌ಗಳಿವೆ. ಪಿಜಿಯೊಬ್ಬರು ಹುತಾತ್ಮರಾಗಿ ಇದನ್ನು ನಿಲ್ಲಿಸಬೇಕು ಅಂತ ನಾನು ಹೇಳುವುದಿಲ್ಲ. ದಾರಿ ಇದೆ. ಸಿನಾಪ್ಸಿಸ್ ಹಂತದಲ್ಲೇ ಹೋಗಿ ಅವರಿಂದ ನಿಜವಾದ ಕೆಲಸ ಕೇಳಿ: ಯಾವ ರೋಗಿಗಳನ್ನು ಸೇರಿಸಬೇಕು, ಯಾವುದನ್ನು ಅಳೆಯಬೇಕು ಅಂತ ಅವರ ಸಲಹೆ ಪಡೆದು ಬರೆದಿಡಿ, ಮುಂದೆ ಡ್ರಾಫ್ಟ್ ಕಳಿಸಿ ತಿದ್ದುಪಡಿ ಕೇಳಿ. ಮಾಡಿದರೆ ಅವರು ನಿಜವಾಗಿ ಆಥರ್, ಯಾರಿಗೂ ನಷ್ಟ ಇಲ್ಲ. ಮಾಡದಿದ್ದರೆ ಜರ್ನಲ್‌ನ ಫಾರ್ಮ್‌ನಲ್ಲಿ ಅವರ ಪಾಲು ಏನು ಅಂತ ಬರೆಯುವ ಜಾಗ ಖಾಲಿ ಉಳಿಯುತ್ತದೆ, ಆ ಫಾರ್ಮ್ ಅನ್ನೇ ಅವರ ಮುಂದಿಡಿ.

ಸುಮ್ನೆ ಹೆಸರು ಹಾಕಿಸಿಕೊಂಡವರಿಗೆ ಏನಾಗಬಹುದು ಅನ್ನುವುದಕ್ಕೆ ಲಂಡನ್ನಿನ ಸೇಂಟ್ ಜಾರ್ಜ್ಸ್ ಆಸ್ಪತ್ರೆಯ ಪ್ರಕರಣ ಇದೆ. 1994ರಲ್ಲಿ ಮಾಲ್ಕಂ ಪಿಯರ್ಸ್ ಎಂಬ ವೈದ್ಯರು ಗರ್ಭಕೋಶದ ಹೊರಗೆ ಬೆಳೆಯುತ್ತಿದ್ದ ಭ್ರೂಣವನ್ನು ಒಳಗೆ ಕೂರಿಸಿ ಹೆರಿಗೆ ಮಾಡಿಸಿದೆವು ಅಂತ ಜರ್ನಲ್ ಒಂದರಲ್ಲಿ ಪ್ರಕಟಿಸಿದರು. ಅಂಥ ರೋಗಿಯೇ ಇರಲಿಲ್ಲ. ಸಹಲೇಖಕರಾಗಿದ್ದ ಜೆಫ್ರಿ ಚೇಂಬರ್ಲೇನ್ ಆ ವಿಭಾಗದ ಮುಖ್ಯಸ್ಥರು, ಅದೇ ಜರ್ನಲ್‌ನ ಸಂಪಾದಕರು, ಜೊತೆಗೆ ಬ್ರಿಟನ್ನಿನ ಸ್ತ್ರೀರೋಗ ತಜ್ಞರ ರಾಯಲ್ ಕಾಲೇಜಿನ ಅಧ್ಯಕ್ಷರು. ಆ ಕೆಲಸದಲ್ಲಿ ಅವರದೇನೂ ಪಾಲಿರಲಿಲ್ಲ, ಹೆಸರು ಮಾತ್ರ ಇತ್ತು. ಹುದ್ದೆಗಳಿಗೆ ರಾಜೀನಾಮೆ ಕೊಡಬೇಕಾಯಿತು. 1995ರಲ್ಲಿ ಪಿಯರ್ಸ್ ವೈದ್ಯರ ಪಟ್ಟಿಯಿಂದಲೇ ಹೊರಬಿದ್ದರು. ಸೀನಿಯರ್‌ಗಳ ಜೊತೆ ಮಾತಾಡುವಾಗ ಈ ಕಥೆ ಕೆಲಸಕ್ಕೆ ಬರುತ್ತದೆ, ಆದರೆ ಹೇಳುವ ಧಾಟಿ ನೋಡಿಕೊಳ್ಳಿ.

ಸಬ್‌ಮಿಟ್ ಮಾಡುವ ದಿನ ಖಾಲಿ ಫಾರ್ಮ್‌ಗೆ ಸಹಿ ಹಾಕಬೇಡಿ. ಆಥರ್‌ಗಳ ಇಮೇಲ್ ಜಾಗದಲ್ಲಿ ನಿಮ್ಮ ಸ್ವಂತ ಇಮೇಲ್ ಇದೆಯಾ ನೋಡಿ, ಯಾಕೆಂದರೆ ಬಹಳ ಜರ್ನಲ್‌ಗಳು ಎಲ್ಲ ಆಥರ್‌ಗಳಿಗೂ ಮೇಲ್ ಕಳಿಸುತ್ತವೆ. ಸಂಶೋಧಕರನ್ನು ಗುರುತಿಸುವ ಓರ್ಕಿಡ್ ನಂಬರ್ ಪುಕ್ಕಟೆ, ಮಾಡಿಸಿಕೊಳ್ಳಿ. ಚಾಟ್‌ಜಿಪಿಟಿ ಬಳಸಿದ್ದರೆ ಹೇಳಿಬಿಡಿ, ಅದನ್ನು ಆಥರ್ ಮಾಡುವ ಹಾಗಿಲ್ಲ ಅಂತ ಐಸಿಎಂಜೆಇ 2023ರಲ್ಲೇ ಹೇಳಿದೆ. ರಿವಿಷನ್ ಹೊತ್ತಿಗೆ ಹೊಸ ಹೆಸರೊಂದು ನುಸುಳಿದರೆ ಬೆಚ್ಚಬೇಡಿ, ಆದರೆ ಕಣ್ಣಿಟ್ಟಿರಿ: ಹೆಸರು ಸೇರಿಸಲು, ತೆಗೆಯಲು ಎಲ್ಲ ಆಥರ್‌ಗಳ ಸಹಿಯ ಒಪ್ಪಿಗೆ ಕೇಳುವುದು ಜರ್ನಲ್‌ಗಳ ಪದ್ಧತಿ. ಒಪ್ಪದಿದ್ದರೆ ಸಹಿ ಹಾಕಬೇಡಿ.

ಇಷ್ಟಾದರೂ ಹೆಸರಿಲ್ಲದೆ ಪೇಪರ್ ಬಂದೇಬಿಟ್ಟರೆ ಮೊದಲು ಕರೆಸ್ಪಾಂಡಿಂಗ್ ಆಥರ್‌ಗೆ ಬರೆಯಿರಿ, ಆಮೇಲೆ ಕಾಲೇಜಿನ ರಿಸರ್ಚ್ ಸೆಲ್ ಅಥವಾ ಡೀನ್‌ಗೆ, ಆಮೇಲೆ ಸಂಪಾದಕರಿಗೆ. ಸಂಪಾದಕರು ಪಂಚಾಯಿತಿ ಮಾಡುವುದಿಲ್ಲ, ನಿಮ್ಮ ಸಂಸ್ಥೆಯೇ ತೀರ್ಮಾನಿಸಲಿ ಅಂತ ವಾಪಸ್ ಕಳಿಸುತ್ತಾರೆ. ಅದಕ್ಕೇ ಕಾಗದ ಬೇಕು: ಎಥಿಕ್ಸ್ ಕಮಿಟಿಗೆ ಕೊಟ್ಟ ಅರ್ಜಿಯಲ್ಲಿ ನಿಮ್ಮ ಹೆಸರು, ಆ ಒಂದು ಪುಟದ ಇಮೇಲ್, ಗೂಗಲ್ ಡಾಕ್ಸ್‌ನ ತಿದ್ದುಪಡಿ ಇತಿಹಾಸ. ಮತ್ತೆ, ಕೇಳುವಾಗ ಹೆಸರು ಸೇರಿಸಿ ತಿದ್ದುಪಡಿ ಪ್ರಕಟಿಸಿ ಅಂತ ಕೇಳಿ, ಪೇಪರ್ ವಾಪಸ್ ತೆಗೆಸಿ ಅಂತಲ್ಲ. ಡೇಟಾ ಸರಿ ಇರುವಾಗ ಪೇಪರ್ ವಾಪಸಾದರೆ ಹಾಳಾಗುವುದು ನಿಮ್ಮದೇ ಕೆಲಸ.