33ಕ್ಕೆ ನರ್ಸಿಂಗ್ ಓದಲು ಹೋದೆ, ಇಬ್ಬರು ಮಕ್ಕಳ ತಾಯಿಯಾಗಿ

ನರ್ಸಿಂಗ್ ಓದಬೇಕೆಂಬ ಆಸೆ ಇರುವ ತಾಯಂದಿರು ಮೊದಲು ನೋಡಬೇಕಾದ್ದು ತಮ್ಮ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ಹುಟ್ಟಿದ ತಾರೀಖನ್ನು. ಭಾರತೀಯ ನರ್ಸಿಂಗ್ ಕೌನ್ಸಿಲ್ ನಿಯಮದ ಪ್ರಕಾರ ಜಿ.ಎನ್.ಎಂ. (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ ಡಿಪ್ಲೊಮಾ) ಸೇರುವವರಿಗೆ 17 ತುಂಬಿರಬೇಕು, 35 ದಾಟಿರಬಾರದು. ಎ.ಎನ್.ಎಂ. (ಸಹಾಯಕ ನರ್ಸ್ ಮತ್ತು ಮಿಡ್‌ವೈಫ್ ಕೋರ್ಸು) ಮುಗಿಸಿ ನೋಂದಣಿ ಆದವರಿಗೆ ಮಾತ್ರ 35ರ ಮಿತಿ ಇಲ್ಲ. "ಮಕ್ಕಳು ಸ್ವಲ್ಪ ದೊಡ್ಡವರಾಗಲಿ" ಅಂತ ಕಾಯುತ್ತಾ ಕೂತು ಆ ಗೆರೆ ದಾಟಿಹೋದವರನ್ನು ನಾನು ಬಲ್ಲೆ. 2021ರಲ್ಲಿ ನಾನು ಅರ್ಜಿ ಹಾಕಿದಾಗ ನನಗೆ 33 ವರ್ಷ. ಮಗಳು ಆರನೇ ಕ್ಲಾಸು, ಮಗ ಒಂದನೇ ಕ್ಲಾಸು. ಇನ್ನು ಎರಡು ವರ್ಷ ಬಿಟ್ಟರೆ ಮಗ ಮೂರನೇ ಕ್ಲಾಸಿಗೆ ಬರುತ್ತಿದ್ದ, ನನ್ನ ಅರ್ಜಿ ಮಾತ್ರ ತಿರಸ್ಕಾರವಾಗಬಹುದಿತ್ತು.

ಅದಕ್ಕೂ ಮುಂಚೆ ಒಂಬತ್ತು ವರ್ಷ ಭದ್ರಾವತಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಯಾಗಿದ್ದೆ. ಗರ್ಭಿಣಿಯರ ಪಟ್ಟಿ ಮಾಡುವುದು, ತಾಯಿ ಕಾರ್ಡ್ ತುಂಬಿಸುವುದು, ಕಬ್ಬಿಣದ ಮಾತ್ರೆ ನುಂಗಿದರೋ ಇಲ್ಲವೋ ಅಂತ ಮನೆಮನೆಗೆ ಹೋಗಿ ನೋಡುವುದು. ಹೆರಿಗೆಯಾಗಿ ಬಂದ ಮೇಲೆ 3, 7, 14, 21, 28 ಮತ್ತು 42ನೇ ದಿನ ಹೋಗಿ ಮಗುವಿನ ತೂಕ, ಮೈಶಾಖ, ಹೊಕ್ಕುಳು ನೋಡಿ ಬರೆಯುವುದು. ಈ ಕೆಲಸ ನನಗೆ ತುಂಬಾ ಇಷ್ಟವಿತ್ತು. ಆದರೆ ನೋವು ಶುರುವಾದವಳನ್ನು ರಾತ್ರಿ 108ರಲ್ಲಿ ಕರೆದುಕೊಂಡು ಹೋದರೆ ಹೆರಿಗೆ ಕೋಣೆಯ ಬಾಗಿಲಲ್ಲಿ ನನ್ನ ಕೆಲಸ ಮುಗಿಯುತ್ತಿತ್ತು. ಒಂಬತ್ತು ತಿಂಗಳು ಅವಳ ಜೊತೆಗಿದ್ದು, ಬಹಳ ಮುಖ್ಯವಾದ ಹೊತ್ತಲ್ಲಿ ಹೊರಗೆ ಬೆಂಚಿನ ಮೇಲೆ ಕೂರುವುದು. ಒಳಗೆ ಹೋಗಬೇಕೆಂದರೆ ಓದಬೇಕು. ಕೋವಿಡ್ ಕಾಲದಲ್ಲಿ ಮನೆಮನೆ ಸರ್ವೆ ಮಾಡುವಾಗಲೇ ಇದು ನನ್ನೊಳಗೆ ಗಟ್ಟಿಯಾಯಿತು.

ಪಿಯುಸಿಯಲ್ಲಿ ನಾನು ಆರ್ಟ್ಸ್. ವಿಜ್ಞಾನ ಓದದವರಿಗೆ ನರ್ಸಿಂಗ್ ಇಲ್ಲ ಅಂತ ಊರಲ್ಲಿ ಎಲ್ಲರೂ ಹೇಳುತ್ತಿದ್ದರು. ಬಿ.ಎಸ್ಸಿ. ನರ್ಸಿಂಗ್‌ಗೆ ಆ ಮಾತು ಸರಿ, ಅದಕ್ಕೆ ಭೌತ, ರಸಾಯನ, ಜೀವಶಾಸ್ತ್ರ ಬೇಕೇ ಬೇಕು. ಜಿ.ಎನ್.ಎಂ.ಗೆ ಯಾವ ವಿಭಾಗವಾದರೂ ಸರಿ. ಒಟ್ಟು ಅಂಕ ಕನಿಷ್ಠ 40 ಪರ್ಸೆಂಟ್ ಇರಬೇಕು, ಇಂಗ್ಲಿಷ್‌ನಲ್ಲೂ ಅಷ್ಟು ಇರಬೇಕು. ಮೂರು ವರ್ಷದ ಕೋರ್ಸು, ಕೊನೆಯ ಆರು ತಿಂಗಳು ಇಂಟರ್ನ್‌ಶಿಪ್.

ಹದಿನೈದು ವರ್ಷದ ಹಿಂದೆ ಓದು ಬಿಟ್ಟವರಿಗೆ ಅರ್ಜಿಗಿಂತ ಕಾಗದಪತ್ರವೇ ದೊಡ್ಡ ಕೆಲಸ. ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಜೊತೆ ಅಪ್ಪನ ಇನಿಷಿಯಲ್, ಆಧಾರ್‌ನಲ್ಲಿ ಗಂಡನ ಹೆಸರು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇನ್ನೊಂದು ರೀತಿ. ಮದುವೆಯಾದ ಎಷ್ಟೋ ಹೆಂಗಸರ ಕಾಗದ ಹೀಗೇ ಇರುತ್ತದೆ. ಮುಂದೆ ಪರೀಕ್ಷಾ ಮಂಡಳಿಗೂ ನರ್ಸಿಂಗ್ ಕೌನ್ಸಿಲ್‌ಗೂ ಹೋಗುವುದು ಅಂಕಪಟ್ಟಿಯ ಹೆಸರೇ ಆದ್ದರಿಂದ, ಉಳಿದ ದಾಖಲೆಗಳನ್ನು ಅದಕ್ಕೆ ಹೊಂದಿಸಿಕೊಳ್ಳುವುದು ಒಳ್ಳೆಯದು. ನಾನು ಆಧಾರ್ ಮೊದಲು ಸರಿ ಮಾಡಿಸಿದೆ, ಆಮೇಲೆ ಬ್ಯಾಂಕು, ಆಮೇಲೆ ಜಾತಿ ಮತ್ತು ಆದಾಯ ಪ್ರಮಾಣಪತ್ರ. ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವಾಗ ಇವೆಲ್ಲ ಒಂದೇ ಹೆಸರಲ್ಲಿದ್ದದ್ದು ಬಹಳ ಅನುಕೂಲವಾಯಿತು. ಫೀಸಿನ ಮೊದಲ ಕಂತಿಗೆ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ತೆಗೆದೆ.

ಕಾಲೇಜು ಹುಡುಕುವಾಗ ಒಂದು ಕಡೆ ನನ್ನ ಮದುವೆ, ಮಕ್ಕಳ ವಿಷಯ ಕೇಳಿ, "ನೀವು ದಿನಾ ಬರೋದೇನೂ ಬೇಡ ಬಿಡಿ, ಪರೀಕ್ಷೆಗೆ ಬಂದರೆ ಸಾಕು" ಅಂದರು. ಮಕ್ಕಳಿರುವ ಹೆಂಗಸಿಗೆ ಈ ಮಾತು ಎಷ್ಟು ಸಿಹಿಯಾಗಿ ಕೇಳಿಸುತ್ತದೆ ಅಂತ ನನಗೆ ಗೊತ್ತು. ಆದರೆ ಥಿಯರಿಗೂ ಪ್ರಾಕ್ಟಿಕಲ್‌ಗೂ 80 ಪರ್ಸೆಂಟ್ ಹಾಜರಿ ಇರಲೇಬೇಕು ಅನ್ನುವುದು ನಿಯಮ, ಸರ್ಟಿಫಿಕೇಟ್ ಕೊಡುವ ಮುಂಚೆ ಪ್ರಾಕ್ಟಿಕಲ್ ನೂರಕ್ಕೆ ನೂರು ಮುಗಿದಿರಬೇಕು. ವಾರ್ಡ್ ನೋಡದೆ ನರ್ಸ್ ಆದವಳ ಕೈಗೆ ನನ್ನ ಮಗಳ ಹೆರಿಗೆಯನ್ನು ನಾನು ಕೊಡುತ್ತೇನೆಯೇ? ಅಲ್ಲಿಂದ ಎದ್ದು ಬಂದೆ. ದಿನಾ ಹೋಗಲೇಬೇಕಾದ, ರೋಗಿಗಳು ತುಂಬಿರುವ ಆಸ್ಪತ್ರೆಗೆ ಪೋಸ್ಟಿಂಗ್ ಹಾಕುವ ಶಿವಮೊಗ್ಗದ ಒಂದು ನರ್ಸಿಂಗ್ ಸ್ಕೂಲಿಗೆ ಸೇರಿದೆ. ಸೇರುವ ಮುಂಚೆ ಆ ಸ್ಕೂಲಿಗೆ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಇದೆಯೇ ನೋಡಿ. ಮೂಲ ಅಂಕಪಟ್ಟಿ ಕೊಟ್ಟರೆ ಸಹಿ, ಸೀಲು ಇರುವ ಸ್ವೀಕೃತಿ ಕೇಳಿ ಪಡೆಯಿರಿ.

ಮನೆಯ ವ್ಯವಸ್ಥೆ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಎಲ್ಲರೂ ಕೇಳುವುದು ಅದನ್ನೇ. ನಮ್ಮವರು ಗೂಡ್ಸ್ ಆಟೋ ಓಡಿಸುತ್ತಾರೆ. ಮನೆಯಲ್ಲಿ ಅತ್ತೆ ಇದ್ದಾರೆ, ಅವರಿಗೆ ಸಕ್ಕರೆ ಕಾಯಿಲೆ. "ನಾವೆಲ್ಲ ಇದೀವಲ್ಲ, ನೀನು ಓದು" ಅಂತ ಇಬ್ಬರೂ ಮನಸಾರೆ ಹೇಳಿದರು. ಒಳ್ಳೆಯ ಮಾತು, ಆದರೆ ಆ ಮಾತಿನಿಂದ ಬೆಳಿಗ್ಗೆ ಡಬ್ಬಿ ತುಂಬುವುದಿಲ್ಲ. ಕಾಲೇಜು ಶುರುವಾಗುವ ಮುಂಚೆಯೇ ನಾವು ಮೂವರೂ ಕೂತು ಯಾವ ಕೆಲಸ ಯಾರದು ಅಂತ ಹೆಸರು ಹಿಡಿದು ಹಂಚಿಕೊಂಡೆವು. ಮಗನನ್ನು ಶಾಲೆಗೆ ಬಿಡುವುದು, ಕರೆತರುವುದು ನಮ್ಮವರದು. ಸಂಜೆಯ ಅಡುಗೆ ಅತ್ತೆಯದು, ಬೆಳಗಿನದು ನನ್ನದು. ಜ್ವರ ಬಂದರೆ ರಜೆ ಹಾಕುವವರು ಯಾರು ಅನ್ನುವುದನ್ನೂ ಆಗಲೇ ಮಾತಾಡಿಕೊಂಡೆವು: ಅವರು ಆಟೋ ನಿಲ್ಲಿಸಬೇಕು, ನಾನು ಕ್ಲಾಸು ಬಿಡುವುದಿಲ್ಲ. ಈ ಕೊನೆಯ ಮಾತು ಹೇಳುವುದಕ್ಕೆ ನನಗೆ ಬಹಳ ಸಂಕಟವಾಯಿತು. ಮಗುವಿಗೆ ಜ್ವರ ಬಂದರೆ ತಾಯಿ ಪಕ್ಕದಲ್ಲಿರಬೇಕು ಅಂತಲೇ ನಾವೆಲ್ಲ ಬೆಳೆದವರು. ಆದರೂ ಹೇಳಿದೆ, ಅವರು ಒಪ್ಪಿದರು, ಮೂರು ವರ್ಷವೂ ಹಾಗೇ ನಡೆದುಕೊಂಡರು. ನನ್ನ ಸರ್ಟಿಫಿಕೇಟಿನಲ್ಲಿ ಅವರ ಪಾಲು ಇದೆ.

ಕ್ಲಾಸಿನಲ್ಲಿ ಉಳಿದವರೆಲ್ಲ ಹದಿನೆಂಟು, ಹತ್ತೊಂಬತ್ತರ ಹುಡುಗ ಹುಡುಗಿಯರು. ಮೊದಲ ವಾರದಲ್ಲೇ ಎಲ್ಲರಿಗೂ ನಾನು "ಅಕ್ಕ" ಆದೆ. ಪಾಠ ಮಾಡುವ ಟ್ಯೂಟರ್ ಕೆಲವರು ನನಗಿಂತ ಚಿಕ್ಕವರು. ಅವರನ್ನು "ಮೇಡಂ" ಅಂತ ಎದ್ದು ನಿಂತು ಮಾತಾಡಿಸುವುದರಲ್ಲಿ ನನಗೆ ಯಾವ ಮುಜುಗರವೂ ಆಗಲಿಲ್ಲ, ಅವರಿಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ ಅಷ್ಟೆ.

ಕಷ್ಟವಾಗಿದ್ದು ಮೊದಲ ವರ್ಷದ ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ. ಪುಸ್ತಕ, ಪಾಠ, ಪರೀಕ್ಷೆ ಎಲ್ಲ ಇಂಗ್ಲಿಷ್. ಹುಡುಗಿಯರು ರಾತ್ರಿ ಕೂತು ಪುಟಗಟ್ಟಲೆ ಬಾಯಿಪಾಠ ಮಾಡುತ್ತಿದ್ದರು. ಹಾಗೆ ಓದುವ ಹೊತ್ತು ನನಗಿರಲಿಲ್ಲ, ಆ ವಯಸ್ಸಿನ ನೆನಪಿನ ಶಕ್ತಿಯೂ ಇರಲಿಲ್ಲ. ಆದರೆ ನನಗೆ ರೋಗಿಗಳ ಮುಖ, ಅವರ ಮಾತು, ಅವರ ಕಾಲು ಊತ ಎಲ್ಲ ಚೆನ್ನಾಗಿ ನೆನಪಿರುತ್ತಿತ್ತು. ಹಾಗಾಗಿ ನಾನು ಓದುವ ದಿಕ್ಕನ್ನೇ ತಿರುಗಿಸಿದೆ. ಪುಸ್ತಕದಿಂದ ವಾರ್ಡಿಗೆ ಹೋಗುವ ಬದಲು ವಾರ್ಡಿನಿಂದ ಪುಸ್ತಕಕ್ಕೆ ಬಂದೆ. ತಡವಾಗಿ ಓದಲು ಬರುವ ಯಾರಿಗಾದರೂ ನಾನು ಖಚಿತವಾಗಿ ಹೇಳುವ ಮಾತು ಇದೊಂದೇ.

ಹೇಗೆ ಅಂದರೆ, ಮೆಡಿಕಲ್ ವಾರ್ಡಿನಲ್ಲಿ ಹೃದಯ ಸೋತ ಒಬ್ಬ ತಾತನಿಗೆ ಲ್ಯಾಸಿಕ್ಸ್ ಅನ್ನುವ, ಮೂತ್ರ ಹೆಚ್ಚಿಸುವ ಔಷಧ ಕೊಡುತ್ತಿದ್ದರು. ಬೆಳಿಗ್ಗೆಯೇ ಏಕೆ ಕೊಡುತ್ತಾರೆ, ರಾತ್ರಿ ಏಕೆ ಇಲ್ಲ? ರಾತ್ರಿ ಕೊಟ್ಟರೆ ಮೂತ್ರಕ್ಕೆ ಎದ್ದೆದ್ದು ನಿದ್ದೆ ಕೆಡುತ್ತದೆ, ಕತ್ತಲಲ್ಲಿ ಬೀಳುವ ಅಪಾಯವೂ ಇದೆ. ಮೂತ್ರದ ಜೊತೆ ಏನೇನು ಹೋಗುತ್ತದೆ? ಪೊಟ್ಯಾಸಿಯಂ. ಅದು ಇಳಿದರೆ? ಹೃದಯದ ಬಡಿತ ಏರುಪೇರಾಗಬಹುದು. ಕುಡಿದ ನೀರು, ಹೋದ ಮೂತ್ರದ ಲೆಕ್ಕ ಬರೆಯಲು ನಮಗೆ ಹೇಳುವುದು, ದಿನಾ ತೂಕ ನೋಡಿಸುವುದು ಇದಕ್ಕೇ. ಈ ಪ್ರಶ್ನೆಗಳನ್ನು ಜೇಬಿನ ಸಣ್ಣ ಪುಸ್ತಕದಲ್ಲಿ ಬರೆದುಕೊಂಡು, ಬಸ್ಸಿನಲ್ಲಿ ಯೋಚಿಸುತ್ತಾ, ಮನೆಗೆ ಬಂದು ಕಿಡ್ನಿಯ ಅಧ್ಯಾಯ ತೆಗೆದರೆ ಅಲ್ಲಿನ ಇಂಗ್ಲಿಷ್ ವಾಕ್ಯಗಳು ಆ ತಾತನ ಬಗ್ಗೆಯೇ ಬರೆದಂತೆ ಕಾಣುತ್ತಿದ್ದವು. ನೋಟ್ಸಿನ ಪುಟವನ್ನು ನಡುವೆ ಗೆರೆ ಎಳೆದು ಎರಡು ಭಾಗ ಮಾಡಿದ್ದೆ: ಎಡಕ್ಕೆ ಪರೀಕ್ಷೆಯಲ್ಲಿ ಬರೆಯಬೇಕಾದ ಇಂಗ್ಲಿಷ್, ಬಲಕ್ಕೆ ನನಗೆ ಅರ್ಥವಾದದ್ದು ಕನ್ನಡದಲ್ಲಿ. ಬಲಭಾಗ ಖಾಲಿ ಇದ್ದರೆ ಎಡಭಾಗ ಓದಿ ಪ್ರಯೋಜನವಿಲ್ಲ ಅಂತ ಇಟ್ಟುಕೊಂಡಿದ್ದೆ. ಪ್ರತಿ ವಿಷಯದಲ್ಲೂ ಪಾಸಾಗಲು 50 ಪರ್ಸೆಂಟ್ ಬೇಕು, ಥಿಯರಿ ಬೇರೆ, ಪ್ರಾಕ್ಟಿಕಲ್ ಬೇರೆ.

ಡ್ರಿಪ್ ಲೆಕ್ಕವನ್ನು ಮಗಳ ಜೊತೆ ಕೂತು ಕಲಿತೆ. ಅವಳಿಗೂ ಶಾಲೆಯಲ್ಲಿ ಆಗ ಭಿನ್ನರಾಶಿ, ಅನುಪಾತ. 500 ಎಂ.ಎಲ್. ಬಾಟಲಿ 4 ಗಂಟೆಯಲ್ಲಿ ಹೋಗಬೇಕು, ಸೆಟ್ಟಿನಲ್ಲಿ ಒಂದು ಎಂ.ಎಲ್.ಗೆ 20 ಹನಿ. ಐನೂರನ್ನು ಇಪ್ಪತ್ತರಿಂದ ಗುಣಿಸಿ 240 ನಿಮಿಷದಿಂದ ಭಾಗಿಸಿದರೆ ನಿಮಿಷಕ್ಕೆ ಸುಮಾರು 42 ಹನಿ. ಮಕ್ಕಳಿಗೆ ಹಾಕುವ ಮೈಕ್ರೋ ಸೆಟ್ಟಿನಲ್ಲಾದರೆ ಎಂ.ಎಲ್.ಗೆ 60 ಹನಿ. ಅವಳು ಲೆಕ್ಕ ಕೊಡುವುದು, ನಾನು ಬಿಡಿಸುವುದು. ಆಮೇಲೆ ನಾನು ಅವಳ ಪಾಠದ ಲೆಕ್ಕ ಕೊಡುವುದು. ಮನೆಯಲ್ಲಿ ಇಬ್ಬರು ವಿದ್ಯಾರ್ಥಿಗಳು ಒಂದೇ ಹೊತ್ತಿಗೆ ಪುಸ್ತಕ ತೆಗೆಯುವ ಅಭ್ಯಾಸ ಆದದ್ದರಿಂದ ಅವಳ ಓದೂ ಸುಧಾರಿಸಿತು.

ಅತ್ತೆಯ ಇನ್ಸುಲಿನ್ ವಿಷಯವೂ ಹೇಳಬೇಕು. ಒಂದು ಎಂ.ಎಲ್.ಗೆ 40 ಯೂನಿಟ್ ಇರುವ ವಯಲ್‌ಗೆ (ಔಷಧದ ಸೀಸೆಗೆ) ಕೆಂಪು ಮುಚ್ಚಳದ 40 ಯೂನಿಟ್ ಸಿರಿಂಜೇ ಆಗಬೇಕು, 100 ಯೂನಿಟ್ ವಯಲ್‌ಗೆ ಕಿತ್ತಳೆ ಮುಚ್ಚಳದ್ದು. ಅದಲು ಬದಲಾದರೆ ಔಷಧದ ಪ್ರಮಾಣ ಎರಡೂವರೆ ಪಟ್ಟು ಏರಬಹುದು ಅಥವಾ ಇಳಿಯಬಹುದು. ಇದನ್ನು ಕಲಿತ ದಿನವೇ ಮನೆಯ ಫ್ರಿಜ್ಜಿನಲ್ಲಿದ್ದ ವಯಲ್ಲು, ಸಿರಿಂಜು ಎರಡನ್ನೂ ತೆಗೆದು ತಾಳೆ ನೋಡಿದೆ. ಸರಿಯಾಗಿಯೇ ಇತ್ತು. ಅಂದಿನಿಂದ ಮೆಡಿಕಲ್ ಶಾಪಿಗೆ ಹೋಗುವಾಗ ಅತ್ತೆಯೇ ಮುಚ್ಚಳದ ಬಣ್ಣ ಹೇಳಿ ಕೇಳುತ್ತಾರೆ.

ಎರಡನೇ ವರ್ಷದಲ್ಲಿ ಮಾನಸಿಕ ಆರೋಗ್ಯದ ಪೋಸ್ಟಿಂಗ್‌ಗೆ ನಮ್ಮನ್ನು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕಳಿಸಿದರು. ವಾರಗಟ್ಟಲೆ ಮನೆ ಬಿಟ್ಟು ಇರಬೇಕು. ಮಗ ಹುಟ್ಟಿದ ಮೇಲೆ ಅವನನ್ನು ಬಿಟ್ಟು ನಾನು ಅಷ್ಟು ದಿನ ಇದ್ದದ್ದೇ ಇಲ್ಲ. ಹೋಗುವ ಹಿಂದಿನ ರಾತ್ರಿ ಅವನು ನನ್ನ ಬ್ಯಾಗನ್ನು ಹಿಡಿದುಕೊಂಡೇ ಮಲಗಿದ್ದ. ಪ್ರತಿ ಸಂಜೆ ಊಟಕ್ಕೆ ಮುಂಚೆ ಫೋನು ಅಂತ ಹೊತ್ತು ಗೊತ್ತು ಮಾಡಿಕೊಂಡೆವು, ಆ ಹೊತ್ತು ತಪ್ಪಿಸಲಿಲ್ಲ. ಅಲ್ಲಿ ನಾವು ಪ್ರೋಸೆಸ್ ರೆಕಾರ್ಡಿಂಗ್ ಬರೆಯಬೇಕಿತ್ತು: ರೋಗಿ ಏನು ಹೇಳಿದರು, ನಾವು ಏನು ಹೇಳಿದೆವು, ಆಗ ನಮಗೆ ಏನನ್ನಿಸಿತು, ಎಲ್ಲವನ್ನೂ ಮಾತು ಮಾತಾಗಿ. ಖಿನ್ನತೆಯಿಂದ ದಾಖಲಾಗಿದ್ದ ಒಬ್ಬ ತಾಯಿ ದಿನಗಟ್ಟಲೆ ಬಾಯಿ ಬಿಟ್ಟಿರಲಿಲ್ಲ. ನಾನು ಪಕ್ಕದಲ್ಲಿ ಸುಮ್ಮನೆ ಕೂತಿದ್ದಾಗ ಒಮ್ಮೆ, "ನಿಮಗ ಮಕ್ಕಳ ನೆನಪ ಆಗೂದಿಲ್ಲೇನ್ರಿ ಸಿಸ್ಟರ್?" ಅಂದರು. ಆಗುತ್ತದೆ ಅಂದೆ. ಅದಾದ ಮೇಲೆ ಅವರು ತಮ್ಮ ಮಕ್ಕಳ ಬಗ್ಗೆ ಹೇಳಲು ಶುರು ಮಾಡಿದರು. ಮಾತಾಡದ ರೋಗಿಯ ಪಕ್ಕದಲ್ಲಿ ಅವಸರವಿಲ್ಲದೆ ಕೂರುವುದೂ ಶುಶ್ರೂಷೆಯ ಭಾಗ, ಅದನ್ನು ಅಲ್ಲಿ ಕಲಿತೆ. ಅವರ ಧಾರವಾಡ ಕನ್ನಡವನ್ನು ಇಂಗ್ಲಿಷ್‌ನಲ್ಲಿ ಬರೆಯುವುದೇ ನನಗೆ ದೊಡ್ಡ ಕೆಲಸವಾಯಿತು.

ಮೂರನೇ ವರ್ಷ ಮಿಡ್‌ವೈಫರಿ. ನಾನು ಕಾದಿದ್ದು ಇದಕ್ಕೇ. ಕೇಸ್ ಬುಕ್ಕಿನಲ್ಲಿ ನಾವೇ ಮಾಡಿಸಿದ 20 ಸಹಜ ಹೆರಿಗೆಗಳನ್ನು ತೋರಿಸಬೇಕು. ಮಗು ಹೊರಬಂದ ಒಂದು ನಿಮಿಷದೊಳಗೆ ರಕ್ತಸ್ರಾವ ತಡೆಯಲು ತಾಯಿಗೆ 10 ಯೂನಿಟ್ ಆಕ್ಸಿಟೋಸಿನ್ ಸ್ನಾಯುವಿಗೆ ಕೊಡುವುದು, ಹೊಕ್ಕುಳಬಳ್ಳಿ ಕತ್ತರಿಸಲು ಅವಸರ ಮಾಡದಿರುವುದು, ಒಂದು ಮತ್ತು ಐದನೇ ನಿಮಿಷಕ್ಕೆ ಮಗುವಿನ ಉಸಿರು, ಹೃದಯ ಬಡಿತ, ಬಣ್ಣ ಮುಂತಾದವು ನೋಡಿ ಕೊಡುವ ಆಪ್ಗಾರ್ ಅಂಕ, ಮಗುವನ್ನು ತಾಯಿಯ ಎದೆಗೆ ಮೈಗೆ ಮೈ ತಾಗಿಸಿ ಮಲಗಿಸಿ ಒಂದು ಗಂಟೆಯೊಳಗೆ ಹಾಲು. ಆಶಾ ಆಗಿ ನಾನು ತಾಯಂದಿರಿಗೆ ಹೇಳುತ್ತಿದ್ದ ಎಷ್ಟೋ ಮಾತುಗಳ ಹಿಂದಿನ ಕಾರಣ ಅಲ್ಲಿ ತಿಳಿಯಿತು.

ಇಲ್ಲಿ ಒಂದು ಮಾತು. ತಾಯಿಯಾದವಳು ನರ್ಸಿಂಗ್‌ಗೆ ಬಂದರೆ ಹೆರಿಗೆ ಕೋಣೆಯಲ್ಲಿ ಅನುಭವ ಕೈಹಿಡಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಅದು ಅರ್ಧ ನಿಜ. ನನ್ನ ಹೆರಿಗೆ ನನ್ನದು, ಅವಳದು ಅವಳದು. "ನಾವೂ ಹೆತ್ತಿಲ್ವಾ, ಸ್ವಲ್ಪ ತಡ್ಕೊ" ಅಂತ ಗದರುವವರಲ್ಲಿ ಹೆತ್ತವರೇ ಹೆಚ್ಚು. ನೋವಿನಲ್ಲಿರುವವಳ ಮುಂದೆ ಆ ಮಾತನ್ನು ಯಾರೂ ಆಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನಾನು ಅವಳ ಹೆಸರು ಹಿಡಿದು ಕರೆಯುತ್ತೇನೆ, ಈಗ ಏನು ಮಾಡುತ್ತಿದ್ದೇನೆ ಅಂತ ಹೇಳಿ ಮಾಡುತ್ತೇನೆ, ಹೊರಗಿರುವ ಅವಳಮ್ಮನಿಗೆ, ಜೊತೆಗೆ ಬಂದ ಆಶಾಗೆ ಆಗಾಗ ಸುದ್ದಿ ಕೊಡುತ್ತೇನೆ.

ಕ್ಲಿನಿಕಲ್ (ಆಸ್ಪತ್ರೆಯ ಪ್ರಾಕ್ಟಿಕಲ್) ಶುರುವಾಗುವ ಮುಂಚೆ ಹೆಪಟೈಟಿಸ್ ಬಿ ಲಸಿಕೆ ಶುರು ಮಾಡಿಕೊಳ್ಳಿ. 0, 1 ಮತ್ತು 6ನೇ ತಿಂಗಳಿಗೆ ಮೂರು ಡೋಸ್, ಆದ್ದರಿಂದ ಬೇಗ ಆರಂಭಿಸಿದಷ್ಟೂ ಒಳ್ಳೆಯದು. ಭದ್ರಾವತಿ, ಶಿವಮೊಗ್ಗ ನಡುವಿನ ಬಸ್ ಖರ್ಚು ತಿಂಗಳಿಗೆ ಭಾರವೇ ಇತ್ತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ಆ ದುಡ್ಡು ಉಳಿಯಿತು, ಅದು ಪರೀಕ್ಷೆ ಶುಲ್ಕಕ್ಕೆ ಆಯಿತು.

ಇಂಟರ್ನ್‌ಶಿಪ್‌ನ ರಾತ್ರಿ ಪಾಳಿಯಲ್ಲಿ ಹಳೆಯ ಹಂಚಿಕೆ ಸಾಲದಾಯಿತು. ರಾತ್ರಿಯಿಡೀ ಎದ್ದಿದ್ದು ಬೆಳಿಗ್ಗೆ ಬಂದವಳಿಗೆ ಅಡುಗೆ ಬಿಟ್ಟರೆ ನಿದ್ದೆ ಇಲ್ಲ, ನಿದ್ದೆಯಿಲ್ಲದ ಕೈಯಲ್ಲಿ ಇಂಜೆಕ್ಷನ್ ಹಿಡಿಯಬಾರದು. ಬೆಳಗಿನ ಅಡುಗೆಯನ್ನು ನಮ್ಮವರು ತೆಗೆದುಕೊಂಡರು, ಮಗಳು ತಮ್ಮನ ಡಬ್ಬಿ ತುಂಬಿದಳು. ರಿಸಲ್ಟ್ ಬಂದ ಕೂಡಲೇ ಕೌನ್ಸಿಲ್‌ಗೆ ನೋಂದಣಿ ಅರ್ಜಿ ಹಾಕಿದೆ. ನೋಂದಣಿ ಸಂಖ್ಯೆ ಇಲ್ಲದೆ ನರ್ಸ್ ಅಂತ ಕೆಲಸ ಮಾಡುವ ಹಾಗಿಲ್ಲ, ಅದನ್ನು ಮುಂದೆ ಹಾಕಬೇಡಿ.

ಈಗ ಶಿವಮೊಗ್ಗದ ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ಮುಂದೆ ಜಿ.ಎನ್.ಎಂ. ಆದವರು ಓದುವ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡುವ ಆಸೆ ಇದೆ. ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮೇಲೆ ನಾವು ಮತ್ತೆ ಕೂತು ಮಾತಾಡುತ್ತೇವೆ. ಈ ಸಲ ಹಂಚಿಕೊಳ್ಳಲು ಮಗನೂ ಇದ್ದಾನೆ.