ಜನವರಿಯಲ್ಲಿ ಸ್ವಾತಿ ಹುಡುಕಿದ ಮೌಂಟ್

ಜನವರಿ 5, ರಾತ್ರಿ ಒಂಬತ್ತು ಗಂಟೆ. ಮಹಾವ್ಯಾಧನ (ಒರಾಯನ್) ನೀಹಾರಿಕೆಯ ಚಿತ್ರ ತೆಗೆಯಲು ಚಳ್ಳಕೆರೆ ಹತ್ತಿರ ಭಾವನ ಹೊಲದಲ್ಲಿ ಮೌಂಟ್ (ಆಕಾಶ ತಿರುಗಿದಂತೆ ಟೆಲಿಸ್ಕೋಪನ್ನೋ ಕ್ಯಾಮೆರಾವನ್ನೋ ತಿರುಗಿಸುವ ಮೋಟಾರು ಪೀಠ) ನಿಲ್ಲಿಸಿ, ಅದಕ್ಕೆ ಆಕಾಶದ ಗುರುತು ಹಿಡಿಸುವ ಹೊಂದಾಣಿಕೆಗೆ ಮೊದಲ ನಕ್ಷತ್ರ ಯಾವುದು ಅಂತ ಕೇಳಿದರೆ ಅದು ಸ್ವಾತಿಯನ್ನು ಸೂಚಿಸಿತು. ಕೃತ್ತಿಕೆ ನೆತ್ತಿಯ ಮೇಲಿದೆ, ಮಹಾವ್ಯಾಧ ಪೂರ್ವದಲ್ಲಿ ಚೆನ್ನಾಗಿ ಏರಿದ್ದಾನೆ. ಸ್ವಾತಿ ಹುಟ್ಟುವುದೇ ನಡುರಾತ್ರಿ ದಾಟಿದ ಮೇಲೆ. ಆದರೂ ಒಪ್ಪಿಕೊಂಡು ಬಟನ್ ಒತ್ತಿದೆ. ಮೋಟಾರು ಗುಂಯ್ ಅನ್ನುತ್ತ ಮಿಥುನದ ಕಾಲಬುಡಕ್ಕೆ ಹೋಗಿ ನಿಂತಿತು.

“ಏನಪ್ಪಾ, ನಿನ್ ಮಿಷನ್ನು ಕುಡ್ಕಂಡ್ ಬಂದೈತಾ?” ಅಂದರು ಭಾವ.

ಕುಡಿದಿರಲಿಲ್ಲ. ಮೌಂಟ್ ನಡೆಸುವ ನನ್ನ ಕಂಟ್ರೋಲರ್ ದಿನಾಂಕವನ್ನು ತಿಂಗಳು ಮೊದಲು, ದಿನ ಆಮೇಲೆ ಅಂತ ಕೇಳುತ್ತದೆ. ನಾನು ನಮ್ಮ ರೂಢಿಯಂತೆ 05/01 ಒತ್ತಿದ್ದೆ. ಪಾಪ, ಅದರ ಲೆಕ್ಕದಲ್ಲಿ ಅವತ್ತು ಮೇ 1. ಮೇ ತಿಂಗಳ ಒಂಬತ್ತು ಗಂಟೆಗೆ ಸ್ವಾತಿ ಪೂರ್ವದಲ್ಲಿ ಇರಲೇಬೇಕಲ್ಲ! ಇನ್ನೊಂದು ಎಡವಟ್ಟು ಅಕ್ಷಾಂಶದ್ದು. ಫೋನು 14.3 ಅಂತ ದಶಮಾಂಶದಲ್ಲಿ ತೋರಿಸುತ್ತದೆ, ಕಂಟ್ರೋಲರ್‌ಗೆ ಬೇಕಿರುವುದು ಡಿಗ್ರಿ-ಮಿನಿಟು. ಅಂದರೆ 14 ಡಿಗ್ರಿ 18 ಮಿನಿಟು. ನಾನು 30 ಮಿನಿಟು ಅಂತ ತುಂಬಿದ್ದೆ.

ಇವೆರಡನ್ನೂ ತಿದ್ದಿದ ಮೇಲೆ ನಿಜವಾದ ಕಷ್ಟ ಶುರುವಾಯಿತು. ಮೌಂಟಿನ ಅಕ್ಷ ಧ್ರುವದ ಕಡೆ ಮುಖ ಮಾಡಬೇಕು. ಆದರೆ ನಮ್ಮಲ್ಲಿ ಧ್ರುವನಕ್ಷತ್ರ ಹದಿನಾಲ್ಕು ಡಿಗ್ರಿ ಎತ್ತರದಲ್ಲಷ್ಟೇ ಇರುವುದು, ಧೂಳು-ಮಂಜಿನ ಪರದೆಯೊಳಗೆ. ಬೇವಿನ ಮರ ತಪ್ಪಿಸಲು ಇಡೀ ಸರಂಜಾಮನ್ನು ಬದುವಿನ ಮೇಲಕ್ಕೆ ಸಾಗಿಸಿದ್ದಾಯಿತು. ಅಕ್ಷವನ್ನು ಅಷ್ಟು ತಗ್ಗಿಸಿದರೆ ಪ್ರತಿಭಾರದ (ಇನ್ನೊಂದು ಬದಿಯ ತೂಕ ಸರಿದೂಗಿಸುವ ಗುಂಡು) ಸರಳು ಟ್ರೈಪಾಡಿನ ಉತ್ತರದ ಕಾಲಿಗೆ ಬಡಿಯುತ್ತದೆ. ಯುರೋಪಿನವರ ವಿಡಿಯೋಗಳಲ್ಲಿ ಇದರ ಸುದ್ದಿಯೇ ಇಲ್ಲ, ಅವರ ಧ್ರುವ ಆಕಾಶದ ಅರ್ಧಕ್ಕೇ ಇರುತ್ತದಲ್ಲ. ಉತ್ತರ ದಿಕ್ಕು ಎರಡು ಕಾಲುಗಳ ನಡುವೆ ಬರುವಂತೆ ಟ್ರೈಪಾಡ್ ತಿರುಗಿಸಿ, ಮೌಂಟಿನ ದಿಕ್ಕು ಹೊಂದಿಸುವ ಗೂಟದ ಜಾಗ ಬದಲಿಸಿಕೊಂಡೆ. ಆಮೇಲೆ ಬಡಿಯಲಿಲ್ಲ.

ಟೆಲಿಸ್ಕೋಪನ್ನು ಬೇಕಂತಲೇ ಬೆಂಗಳೂರಲ್ಲೇ ಬಿಟ್ಟು ಬಂದಿದ್ದೆ. ಅದು ಕೂರುವ ಡವ್‌ಟೇಲ್ ಪಟ್ಟಿಗೆ ಕಾಲಿಂಚು ಸ್ಕ್ರೂ ಹಾಕಿ ಡಿಎಸ್‌ಎಲ್‌ಆರ್ ಅನ್ನೇ ಕೂರಿಸಿದೆ, 135 ಎಂಎಂ ಲೆನ್ಸ್ ಸಮೇತ. ಕಾರಣ ಸರಳ. ನನ್ನ ಕ್ಯಾಮೆರಾದ ಒಂದು ಪಿಕ್ಸೆಲ್‌ಗೆ ಈ ಲೆನ್ಸಿನಲ್ಲಿ ಸುಮಾರು ಆರೂವರೆ ಆರ್ಕ್‌ಸೆಕೆಂಡು (ಒಂದು ಡಿಗ್ರಿಯ 3600ನೇ ಒಂದು ಭಾಗ) ಆಕಾಶ ಸಿಗುತ್ತದೆ. 750 ಎಂಎಂ ಟೆಲಿಸ್ಕೋಪಿನಲ್ಲಾದರೆ ಒಂದು ಚಿಲ್ಲರೆ. ಅಲ್ಲಿ ಗೇರಿನ ಪ್ರತಿ ಸಣ್ಣ ತೊದಲೂ ನಕ್ಷತ್ರವನ್ನು ಉದ್ದ ಮಾಡುತ್ತದೆ, ಇಲ್ಲಿ ಎಷ್ಟೋ ತಪ್ಪು ಮುಚ್ಚಿಹೋಗುತ್ತದೆ. ಮೌಂಟ್ ಇಲ್ಲದೆ ಬರಿ ಟ್ರೈಪಾಡಿನ ಮೇಲಾಗಿದ್ದರೆ ಎರಡು-ಮೂರು ಸೆಕೆಂಡಿಗೇ ಚುಕ್ಕಿ ಗೆರೆಯಾಗುತ್ತಿತ್ತು.

ಕ್ಯಾಮೆರಾ ಹಗುರ, ಹಾಗಾಗಿ ಪ್ರತಿಭಾರವನ್ನು ಸರಳಿನ ಮೇಲ್ತುದಿಗೆ, ಅಕ್ಷದ ಹತ್ತಿರಕ್ಕೇ ಎಳೆದುಕೊಂಡೆ. ಪಕ್ಕಾ ಸಮತೋಲನ ಮಾಡಲಿಲ್ಲ. ಪೂರ್ವದ ಬದಿ ಒಂದು ಕೂದಲೆಳೆಯಷ್ಟು ಭಾರವಿದ್ದರೆ ಗೇರಿನ ಹಲ್ಲುಗಳು ಕಚ್ಚಿಕೊಂಡೇ ಇರುತ್ತವೆ, ನಡುವೆ ತೊನೆಯುವುದಿಲ್ಲ. ಫೋಕಸ್‌ಗೆ ಲುಬ್ಧಕ (ಸಿರಿಯಸ್) ನಕ್ಷತ್ರವನ್ನು ಲೈವ್ ವ್ಯೂನಲ್ಲಿ ಹತ್ತು ಪಟ್ಟು ಹಿಗ್ಗಿಸಿ, ಚುಕ್ಕಿ ಅತಿ ಚಿಕ್ಕದಾದಾಗ ರಿಂಗಿಗೆ ಟೇಪ್ ಸುತ್ತಿದೆ. ಆ ಟೇಪ್ ಇಲ್ಲದಿದ್ದರೆ ಕತ್ತಲಲ್ಲಿ ಬೆರಳು ತಾಗಿ ಇಡೀ ರಾತ್ರಿ ಹಾಳು.

ಎಫ್ 2.8, ಐಎಸ್‌ಒ 1600, ಅರವತ್ತು ಸೆಕೆಂಡಿನಂತೆ ಎಂಬತ್ತು ಚಿತ್ರ. ಮಹಾವ್ಯಾಧನ ನೀಹಾರಿಕೆಯ ನಡುಭಾಗ ಸುಟ್ಟ ಬಿಳಿಯಾಗುತ್ತದೆ, ಅದಕ್ಕೆ ಐದು ಸೆಕೆಂಡಿನವೂ ಇಪ್ಪತ್ತು. ಕರೆಂಟಿಗೆ ಹಳೇ ಯುಪಿಎಸ್‌ನ 12 ವೋಲ್ಟ್ ಬ್ಯಾಟರಿ. ಮನೆಗೆ ಬಂದು ನೋಡಿದರೆ ಹದಿನೇಳು ಚಿತ್ರಗಳಲ್ಲಿ ನಕ್ಷತ್ರ ಎಳೆದುಕೊಂಡಿತ್ತು, ಎತ್ತಿ ಬಿಸಾಕಿದೆ. ಉಳಿದವನ್ನು ಸಿರಿಲ್ ಅನ್ನೋ ತಂತ್ರಾಂಶದಲ್ಲಿ ಒಂದರ ಮೇಲೊಂದು ಪೇರಿಸಿದಾಗ ನೀಹಾರಿಕೆಯ ರೆಕ್ಕೆಗಳು ಬಂದವು. ಪಕ್ಕದ ಕುದುರೆತಲೆ ನೀಹಾರಿಕೆ ಮಾತ್ರ ಮಸುಕು. ಮಾಮೂಲಿ ಕ್ಯಾಮೆರಾದ ಒಳಗಿನ ಫಿಲ್ಟರು ಹೈಡ್ರೋಜನ್ನಿನ ಕೆಂಪನ್ನು ಬಹುಪಾಲು ತಡೆಯುತ್ತದೆ.

ಫ್ಲಾಟ್ ಚಿತ್ರಗಳ (ಲೆನ್ಸಿನ ಅಂಚಿನ ಕತ್ತಲು, ಧೂಳಿನ ಕಲೆ ಸರಿಪಡಿಸಲು ತೆಗೆಯುವ ಬರಿ ಬೆಳಕಿನ ಚಿತ್ರಗಳು) ವಿಷಯ ಹೇಳುವುದೇ ಮರೆತೆ. ಬೆಳಗಿನ ಜಾವ ಆಕಾಶ ಬೆಳ್ಳಗಾದಾಗ, ಫೋಕಸ್ ಕದಲಿಸದೆ, ಲೆನ್ಸಿನ ಬಾಯಿಗೆ ಭಾವನ ಒಗೆದ ಬಿಳಿ ಪಂಚೆ ಬಿಗಿಯಾಗಿ ಹಿಡಿದು ಇಪ್ಪತ್ತು ಚಿತ್ರ ತೆಗೆದೆ. ಇನ್ನೂ ಹತ್ತು ಬೇಕಿತ್ತು. ಭಾವ ಸ್ನಾನಕ್ಕೆ ಹೊರಟಿದ್ದರು, ಪಂಚೆ ಕಿತ್ತುಕೊಂಡು ಹೋದರು.