ಚಕ್ಕುಬಂದಿಯಲ್ಲಿ ಸಿಕ್ಕ ಚಿಂತಾಮಣಿ

ಊರಿನ ಇತಿಹಾಸ ಬರೆಯುತ್ತೇನೆಂದು ಹೊರಟವರು ಮೊದಲು ಶಾಸನಗಳತ್ತ ನೋಡುತ್ತಾರೆ. ನಾನೂ ಬಿ.ಎಲ್. ರೈಸ್ ಸಂಪಾದಿಸಿದ ಕೋಲಾರ ಜಿಲ್ಲೆಯ ಶಾಸನ ಸಂಪುಟವನ್ನು ಓದಿಯೇ ಆರಂಭಿಸಿದೆ. ಅದರಲ್ಲಿ ದೊರೆಗಳ ದಾನವಿದೆ, ಕಾಳಗದಲ್ಲಿ ಸತ್ತ ವೀರರಿದ್ದಾರೆ. ಆದರೆ ನಮ್ಮ ಚಿಂತಾಮಣಿಯ ಪೇಟೆಯಲ್ಲಿ ಯಾರ ಮನೆಯ ಪಕ್ಕ ಯಾರಿದ್ದರು, ಗಾಣ ಎಲ್ಲಿತ್ತು, ಬಾವಿ ಎಲ್ಲಿತ್ತು ಎಂದು ತಿಳಿಯಲು ಮನೆಗಳ ಟ್ರಂಕಿನೊಳಗಿನ ಹಳೆಯ ಕ್ರಯಪತ್ರಗಳನ್ನೇ ಬಿಚ್ಚಬೇಕು.

ಕ್ರಯಪತ್ರದಲ್ಲಿ ನಾನು ಮೊದಲು ಓದುವುದು ಚಕ್ಕುಬಂದಿಯನ್ನು, ಅಂದರೆ ಆಸ್ತಿಯ ನಾಲ್ಕು ದಿಕ್ಕಿನ ಗಡಿಗಳ ವಿವರವನ್ನು. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಗಾಣದ ಮನೆ, ಉತ್ತರಕ್ಕೆ ಓಣಿ, ದಕ್ಷಿಣಕ್ಕೆ ರಸ್ತೆ. ಇನ್ನೊಂದು ಮನೆತನದ ಪತ್ರದಲ್ಲಿ ಅದೇ ಗಾಣದ ಮನೆ ಪೂರ್ವದ ಗಡಿಯಾಗಿ ಬಂದರೆ ಎರಡು ನಿವೇಶನಗಳ ನಡುವೆ ಅದು ಕೂತುಬಿಡುತ್ತದೆ. ಹೀಗೆ ಒಂದೊಂದೇ ಪತ್ರ ಸೇರಿಸಿ ದೊಡ್ಡ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬೀದಿ ಬರೆಯುತ್ತಾ ಹೋದೆ. ಪತ್ರದ ಕೊನೆಯ ಬಿಕ್ಕಲಂ (ಪತ್ರ ಬರೆದವನ ಹೆಸರು, ರುಜು), ಸಾಕ್ಷಿಗಳ ರುಜು, ಹೆಬ್ಬೆಟ್ಟಿನ ಗುರುತು ಇವನ್ನೂ ಬಿಡುವುದಿಲ್ಲ. ಊರಿನಲ್ಲಿ ಯಾರು ಅಕ್ಷರ ಬಲ್ಲವರಾಗಿದ್ದರು, ಯಾರ ಮಾತಿಗೆ ಬೆಲೆಯಿತ್ತು ಎಂಬುದನ್ನು ಅಲ್ಲೇ ಕಾಣಬಹುದು. ಮನೆಮಾತು ತೆಲುಗು, ಬರಹ ಕನ್ನಡ ಎಂಬ ನಮ್ಮ ಸೀಮೆಯ ರೀತಿಯೂ ಆ ಹೆಸರುಗಳಲ್ಲಿ ಎದ್ದು ಕಾಣುತ್ತದೆ.

ಕಷ್ಟವಿರುವುದು ಕಾಲನಿರ್ಣಯದಲ್ಲಿ. ಕೆಲವು ಪತ್ರಗಳಲ್ಲಿ ಸಂವತ್ಸರ, ಮಾಸ, ತಿಥಿ ಮಾತ್ರ ಉಳಿದಿರುತ್ತವೆ. ಸಂವತ್ಸರ 60 ವರ್ಷಕ್ಕೊಮ್ಮೆ ಮರಳಿ ಬರುವುದರಿಂದ ‘ಧಾತು’ ಎಂದಿದ್ದರೆ ಅದು 1876-77 ಇರಬಹುದು, 1936-37 ಕೂಡ ಇರಬಹುದು. ಮೊದಲನೆಯದಾದರೆ ಅದು ಧಾತು-ಈಶ್ವರ ಬರದ ಕಾಲ; ಈಶ್ವರ ಎಂಬುದು ಮರುವರ್ಷದ ಸಂವತ್ಸರ. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ 42 ಲಕ್ಷದ ಆಸುಪಾಸಿಗೆ ಕುಸಿದಿತ್ತು. ಆ ವರ್ಷ ಜಮೀನು ಮಾರಿದವನ ಪತ್ರಕ್ಕೂ 60 ವರ್ಷದ ನಂತರದವನ ಪತ್ರಕ್ಕೂ ಅರ್ಥವೇ ಬೇರೆ. ಇಲ್ಲಿಯೂ ಚಕ್ಕುಬಂದಿಯೇ ಕೈಹಿಡಿಯುತ್ತದೆ. ನಮ್ಮೂರಿಗೆ ಸಣ್ಣ ಹಳಿಯ ರೈಲು ಬಂದದ್ದು 1910ರ ದಶಕದಲ್ಲಿ. ಗಡಿಯಲ್ಲಿ ರೈಲು ರಸ್ತೆ ಇದ್ದರೆ ಆ ಪತ್ರ ಬರಗಾಲದ್ದಲ್ಲ. ರೈಲಿನ ಸುಳಿವಿಲ್ಲದಿದ್ದರೆ ಹೊಲದ ಸರ್ವೆ ನಂಬರು ಹುಡುಕುತ್ತೇನೆ. ಮೈಸೂರಿನ ಕಂದಾಯ ಸರ್ವೆ ಶುರುವಾದದ್ದು 1863ರಲ್ಲಿ, ಆದ್ದರಿಂದ ನಂಬರು ನಮೂದಾಗಿದ್ದರೆ ಪತ್ರ ಅದಕ್ಕೂ ಹಿಂದಿನ ಸುತ್ತಿನ ಧಾತುವಿನದಾಗಲಾರದು.

ಪತ್ರ ತೋರಿಸಲು ಜನ ಹೆದರುವುದು ಸಹಜ. “ಆಸ್ತಿ ಪತ್ರ ನಿಮಗೇಕಪ್ಪಾ?” ಎಂದು ಒಬ್ಬ ಅಜ್ಜಿ ಟ್ರಂಕಿನ ಮೇಲೆ ಕೈಯಿಟ್ಟುಕೊಂಡೇ ಕೇಳಿದರು. ಅವರ ಮಾವನ ಹೆಸರನ್ನು ಪಕ್ಕದ ಮನೆಯವರ ಪತ್ರದಲ್ಲಿ ಓದಿ ತೋರಿಸಿದ ಮೇಲೆ ಕೈ ತೆಗೆದರು. ನಾನು ಯಾರ ಮನೆಯಿಂದಲೂ ಮೂಲ ಪತ್ರ ಹೊರಗೆ ಒಯ್ಯುವುದಿಲ್ಲ. ಜಗಲಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ಫೋಟೊ ತೆಗೆದು, ಓದಿ ಬರೆದ ಒಂದು ಪ್ರತಿಯನ್ನು ಮನೆಯವರಿಗೇ ಕೊಡುತ್ತೇನೆ. ಬದುಕಿರುವವರ ಆಸ್ತಿಯ ವಿವರವನ್ನು ಎಲ್ಲಿಯೂ ಹೇಳುವುದಿಲ್ಲ.

ದಯವಿಟ್ಟು ಹರಿದ ಮಡಿಕೆಗೆ ಸೆಲ್ಲೋಟೇಪ್ ಅಂಟಿಸಬೇಡಿ. ಅದರ ಅಂಟು ಕಂದು ಬಣ್ಣಕ್ಕೆ ತಿರುಗಿ ಕಾಗದದೊಳಗೆ ಇಳಿಯುತ್ತದೆ, ಆಮೇಲೆ ಬಿಡಿಸಲು ಹೋದರೆ ಅಕ್ಷರವೂ ಕಿತ್ತು ಬರುತ್ತದೆ. ಲ್ಯಾಮಿನೇಷನ್ ಇನ್ನೂ ಕೆಟ್ಟದ್ದು, ಅದನ್ನು ಮತ್ತೆ ಬಿಡಿಸುವುದಕ್ಕೇ ಆಗುವುದಿಲ್ಲ. ಮಡಿಕೆ ಬಿಡಿಸಿ, ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿ, ನೆಲದಿಂದ ಎತ್ತರದಲ್ಲಿ ತೇವ ತಾಗದಂತೆ ಇಟ್ಟರೆ ಸಾಕು. ಗೆದ್ದಲು ಹತ್ತಿದೆಯೇ ಎಂದು ಆಗಾಗ ನೋಡುತ್ತಿರಬೇಕು.

ಈಗ ಪೇಟೆಯ ಒಂದು ಬೀದಿ ಹೆಚ್ಚುಕಡಿಮೆ ಪೂರ್ತಿಯಾಗಿದೆ. ಮುಂದಿನ ಬೀದಿಗೆ ಕೊಂಡಿಗಳು ಸಾಲುತ್ತಿಲ್ಲ. 2007ರವರೆಗೆ ನಮ್ಮ ತಾಲ್ಲೂಕು ಕೋಲಾರ ಜಿಲ್ಲೆಯಲ್ಲಿದ್ದುದರಿಂದ ನಕಲುಗಳಿಗಾಗಿ ಅಲ್ಲಿಯೂ ವಿಚಾರಿಸುತ್ತಿದ್ದೇನೆ. ನಿಮ್ಮ ಮನೆಯಲ್ಲಿ ಇಂಥ ಪತ್ರವಿದ್ದರೆ ಫೋಟೊ ತೆಗೆಯುವಾಗ ಹಿಂಬದಿಯನ್ನೂ ತೆಗೆಯಿರಿ. ಛಾಪಾ ಕಾಗದ ಮಾರಿದವನು ಕೊಂಡವರ ಹೆಸರನ್ನೂ ತಾರೀಖನ್ನೂ ಬರೆದಿರುವುದು ಅಲ್ಲಿಯೇ.